ಜವಾಬೂ ಜವಾಬುದಾರಿಯೂ

1862ರಿಂದ 1956ರವರೆಗೆ ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದ ಉತ್ತರ ಕನ್ನಡ ಜಿಲ್ಲೆಯ ಮಾತಿನಲ್ಲಿ ಉತ್ತರಕ್ಕೆ ‘ಜವಾಬು’ ಎನ್ನುವ ರೂಢಿಯುಂಟು. ಅರಬ್ಬಿಯಲ್ಲಿ ಹುಟ್ಟಿ, ಪಾರಸಿ ಮರಾಠಿಗಳ ಹೊಸ್ತಿಲನ್ನು ದಾಟಿ ಬಂದ ಈ ಮಾತಿನ ಬೆನ್ನಿಗೇ ‘ಜವಾಬುದಾರಿ’ ಎಂಬ ಇನ್ನೊಂದು ಮಾತೂ ಬಂದು ಕನ್ನಡದಲ್ಲಿ ಮನೆಮಾಡಿತು. ಸಂಸ್ಕೃತದ ಕಡೆಯಿಂದ ನೋಡಿದರೂ ‘ಉತ್ತರ’ದ ಬಳಿಯಲ್ಲಿಯೇ ‘ಉತ್ತರವಾದಿ’ ಎಂಬುದು ನಿಂತಿದೆ. ಬೇರೆ ಬೇರೆ ಕುಲದ ಎರಡು ಭಾಷೆಗಳಿಂದ ಬಂದ ಈ ಎರಡು ಜೋಡಿಗಳೂ ಒಂದೇ ಸಂಗತಿಯನ್ನು ನುಡಿಯುತ್ತಿರುವುದು ಬರಿಯ ಆಕಸ್ಮಿಕವಿರಲಾರದು. ಉತ್ತರವನ್ನು ಹೇಳಿದವನು ಆ ಉತ್ತರದ ಹಿಂದೆ ನಿಂತಿರಬೇಕು, ‘ಹೀಗೇಕೆ ಹೇಳಿದೆ?’ ಎಂದು ಮರಳಿ ಕೇಳಿದಾಗ ಅಲ್ಲಿಂದ ಕಾಲ್ದೆಗೆಯಕೂಡದು ಎಂಬ ನಿರೀಕ್ಷೆಯು ಆ ಮಾತುಗಳ ಹೊಟ್ಟೆಯಲ್ಲಿಯೇ ಇದೆ.

ಈಗಲಾದರೋ ಜವಾಬನ್ನು ಕೊಟ್ಟು ಜವಾಬುದಾರಿಯನ್ನು ಹೊರದ ಯಂತ್ರವೊಂದು ಪ್ರತಿಯೊಬ್ಬ ವಿದ್ಯಾರ್ಥಿಯ ಅಂಗೈಯಲ್ಲಿ ಕುಳಿತಿದೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆಯು ಆರಂಭವಾದ ಮೇಲೆ ಅಂತರ್ಜಾಲವು ಅಗ್ಗವಾಗಿ ಹಳ್ಳಿಹಳ್ಳಿಗಳನ್ನು ಹೊಕ್ಕಿತು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಎಂಬ ಸಂವಾದಯಂತ್ರವು ಲೋಕದ ಮುಂದೆ ಬಂದಿತು. ಇವೆರಡರ ನಡುವೆ ಬೆಳೆದ ಹುಡುಗ ಹುಡುಗಿಯರು ಇಂದು ಕಾಲೇಜಿನ ಬೆಂಚುಗಳ ಮೇಲೆ ಕುಳಿತಿದ್ದಾರೆ. ಇವರಿಗೆ ಕಲಿಸುವ ಕ್ರಮವು ಬದಲಾಗಬೇಕೆಂದು ಎಲ್ಲರೂ ಹೇಳುತ್ತಾರೆ. ಯಾವುದಕ್ಕಾಗಿ ಬದಲಾಗಬೇಕೆಂದು ಕೇಳಿದರೆ ಮಾತು ಸಲಕರಣೆಗಳ ಕಡೆಗೆ ಹೊರಳುತ್ತದೆ. ಗೋಡೆಗೆ ಪರದೆ ಬೇಕೆ, ಹಲಗೆ ಸಾಕೆ? ಮೊಬೈಲನ್ನು ಬಾಗಿಲಲ್ಲಿಯೇ ಇಳಿಸಿಕೊಳ್ಳಬೇಕೆ, ಕೈಯಲ್ಲಿ ಇರಗೊಡಬೇಕೆ? ಇವು ಕೇಳತಕ್ಕ ಪ್ರಶ್ನೆಗಳೇ ಸರಿ. ಆದರೆ ಇವು ಎರಡನೆಯ ಪ್ರಶ್ನೆಗಳು. ಗುರುವಾದವನು ಶಿಷ್ಯನಿಗೆ ಏನನ್ನು ಸಲ್ಲಿಸಬೇಕಾದ ಋಣದಲ್ಲಿದ್ದಾನೆ ಎಂಬುದು ಮೊದಲನೆಯದು. ಅದು ಸಲಕರಣೆಯ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ.

ಇದನ್ನು ಗಾಳಿಯಲ್ಲಿ ತೂಗಬಿಡದೆ ಒಂದು ಊರಿನ ನೆಲಕ್ಕೆ ಇಳಿಸಿ ನೋಡುವುದು ಲೇಸು. ಹೊನ್ನಾವರದಿಂದ ಮೂಡಲಿಗೆ ಸುಮಾರು ಹದಿನೆಂಟು ಮೈಲಿ ದೂರದಲ್ಲಿ, ಶರಾವತಿಯ ದಡದಲ್ಲಿ, ಘಟ್ಟದ ಬುಡದಲ್ಲಿ ಗೇರುಸೊಪ್ಪ ಇದೆ. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ಮೆಣಸಿನ ರಾಣಿಯೆಂದು ಕರೆದರು. ಆ ಪಟ್ಟಣವು ಇಂದು ಕಾಡಿನ ನಡುವೆ ಚತುರ್ಮುಖ ಬಸದಿಯೂ ಶಾಸನದ ಕಲ್ಲುಗಳೂ ಆಗಿ ಉಳಿದಿದೆ. ಹತ್ತಿರದಲ್ಲಿಯೇ ಶರಾವತಿಗೆ ಕಟ್ಟಿದ ಕಡೆಯ ಅಣೆಕಟ್ಟು, ಅದರ ಕೆಳಗೆ 240 ಮೆಗಾವ್ಯಾಟಿನ ವಿದ್ಯುದಾಗಾರ. ಇಲ್ಲಿಯ ಮಕ್ಕಳು ಕಾಲೇಜಿಗೆಂದು ಬಸ್ಸು ಹತ್ತಿ ಹೊನ್ನಾವರಕ್ಕೆ ಇಳಿಯುತ್ತಾರೆ. ಈ ಸೌಕರ್ಯವೂ ಬಹಳ ಹಳೆಯದಲ್ಲ. ಧಾರವಾಡದಲ್ಲಿ ಕರ್ನಾಟಕ ಕಾಲೇಜು 1917ರಲ್ಲಿ ಹುಟ್ಟಿದ ಮೇಲೆ ಕರಾವಳಿಯ ಅನುಕೂಲಸ್ಥರ ಮಕ್ಕಳು ಘಟ್ಟವನ್ನು ಹತ್ತಿ ಅಲ್ಲಿಗೆ ಹೋಗುತ್ತಿದ್ದರು. ಅನುಕೂಲವಿಲ್ಲದವರ ಓದು ಕೆಳಗೇ ನಿಲ್ಲುತ್ತಿತ್ತು. ಭಟ್ಕಳದಲ್ಲಿ 1919ರಲ್ಲಿ ಆರಂಭವಾದ ಅಂಜುಮನ್ ಸಂಸ್ಥೆ, ಕುಮಟೆಯಲ್ಲಿ ಡಾಕ್ಟರ್ ಬಾಳಿಗರ ಹೆಸರನ್ನು ಹೊತ್ತ ಕಾಲೇಜು, ಹೊನ್ನಾವರದಲ್ಲಿ 1964ರ ಎಸ್.ಡಿ.ಎಂ. ಕಾಲೇಜು, ಇವುಗಳಿಂದಾಗಿ ವಿದ್ಯೆಯು ಘಟ್ಟವನ್ನಿಳಿದು ತಾನೇ ಬಡವರ ಬಾಗಿಲಿಗೆ ಬಂದಂತಾಯಿತು.

ಗೇರುಸೊಪ್ಪದ ಆಚೆಯ ಯಾವುದೋ ಕೇರಿಯಿಂದ ಬೆಳಗಿನ ಬಸ್ಸಿಗೆ ನಿಂತ ಹುಡುಗಿಯೊಬ್ಬಳನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಲಿ. ಅವಳ ಮನೆಯಲ್ಲಿ ಕಾಲೇಜು ಕಂಡವರು ಅವಳಿಗಿಂತ ಮೊದಲು ಯಾರೂ ಇಲ್ಲ. ಪಂಚಾಂಗ, ದೇವರ ಪಟದ ಹಿಂದಿನ ಹಳೆಯ ಲೆಕ್ಕದ ವಹಿ, ತಮ್ಮನ ಪಠ್ಯಪುಸ್ತಕಗಳು, ಇಷ್ಟೇ ಆ ಮನೆಯ ಗ್ರಂಥಭಂಡಾರ. ಅವಳ ಕೈಯಲ್ಲಿರುವ ಫೋನು ಅವಳಿಗೆ ನಿಘಂಟು, ವಾಚನಾಲಯ, ಇಂಗ್ಲಿಷಿನ ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ನೆರೆಮನೆಯ ಅಕ್ಕ, ಎಲ್ಲವೂ ಆಗಿದೆ. ಧಾರವಾಡದಲ್ಲಿಯೋ ಬೆಂಗಳೂರಿನಲ್ಲಿಯೋ ವಿದ್ಯಾವಂತರ ಮನೆಯಲ್ಲಿ ಹುಟ್ಟಿದ ಮಗುವಿಗೆ ಅಪ್ಪ, ಅಜ್ಜ, ಕಪಾಟು ತುಂಬ ಪುಸ್ತಕಗಳು ಸೇರಿ ಮಾಡುವ ಉಪಕಾರವನ್ನು ಈಕೆಗೆ ಈ ಯಂತ್ರವೊಂದೇ ಮಾಡುತ್ತಿದೆ. ‘ಮೊಬೈಲು ಹಾಳು ಮಾಡಿತು’ ಎಂದು ನಿಟ್ಟುಸಿರಿಡುವ ಹಿರಿಯರು, ಹೀಗೆ ಹೇಳುವಾಗ ಯಾರ ಕಪಾಟಿಗೆ ಬೀಗ ಹಾಕುತ್ತಿದ್ದೇವೆಂದು ಒಮ್ಮೆ ಆಲೋಚಿಸಬೇಕು. ಪಾಠದ ಹೊತ್ತಿನಲ್ಲಿ ಫೋನನ್ನು ಚೀಲದಲ್ಲಿಡಬೇಕೆನ್ನುವುದು ಬೇರೆ. ಅದು ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೈ ಹಾಕಬಾರದೆಂಬಂಥ ಮರ್ಯಾದೆಯ ಮಾತು. ಅದನ್ನೇ ಒಂದು ಶಿಕ್ಷಣತತ್ತ್ವವೆಂದು ಭಾವಿಸುವುದು ತಪ್ಪು. ಕರ್ನಾಟಕ ಸರಕಾರವೇ 2021ರಲ್ಲಿ ಸರಕಾರಿ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳ ಕೈಗೆ ಟ್ಯಾಬ್ಲೆಟ್ಟುಗಳನ್ನು ಕೊಟ್ಟಿತು. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿದುಕೊಳ್ಳುವುದು ನೀತಿಯೂ ಅಲ್ಲ, ರೀತಿಯೂ ಅಲ್ಲ.

ಹಾಗಾದರೆ ಕೇಡು ಎಲ್ಲಿಯೂ ಇಲ್ಲವೆ? ಇದೆ. ಆದರೆ ಅದು ಯಂತ್ರಕ್ಕಿಂತ ಹಿಂದಿನದು. ಅನೇಕ ಕಾಲೇಜುಗಳಲ್ಲಿ ಅರ್ಧ ಶತಮಾನದಿಂದ ನಡೆದುಬಂದಿರುವ ಪಾಠವೆಂದರೆ ಟಿಪ್ಪಣಿ ಬರೆಯಿಸುವುದು. ಅಧ್ಯಾಪಕರು ತಮ್ಮ ವಹಿಯಿಂದ ಓದುವರು. ಮಕ್ಕಳು ತಲೆ ಬಗ್ಗಿಸಿ ಬರೆದುಕೊಳ್ಳುವರು. ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿ ಮರುದಿನ ಕಾಗದದ ಮೇಲೆ ಇಳಿಸಿ, ಅದರ ಮರುದಿನ ಮರೆಯುವರು. ಅಧ್ಯಾಪಕರ ಆ ವಹಿಯಾದರೂ ಅವರು ವಿದ್ಯಾರ್ಥಿಯಾಗಿದ್ದಾಗ ಇನ್ನೊಬ್ಬರು ಬರೆಯಿಸಿದ್ದೇ ಆಗಿರುವುದು ಅಪರೂಪವಲ್ಲ. ಮಾತು ಹೀಗೆ ಒಂದು ವಹಿಯಿಂದ ಇನ್ನೊಂದು ವಹಿಗೆ ಹರಿದು ಹೋಗುವಾಗ ನಡುವೆ ಇದ್ದ ಇಬ್ಬರು ಮನುಷ್ಯರಲ್ಲಿ ಯಾರನ್ನೂ ಅದು ಮುಟ್ಟಿರಲಿಲ್ಲ. ಅಂದರೆ, ಯಂತ್ರವು ಬರುವ ಮೊದಲೇ ತರಗತಿಯು ಯಂತ್ರವಾಗಿತ್ತು. ಈಗ ಅದೇ ಕೆಲಸವನ್ನು ಅಧಿಕ ವೇಗದಿಂದಲೂ ಸುಂದರವಾದ ಅಕ್ಷರಗಳಿಂದಲೂ ಮಾಡುವ ನಿಜವಾದ ಯಂತ್ರ ಬಂದಾಗ ಹಳೆಯದರ ಹುಸಿ ಬಯಲಾಯಿತು, ಅಷ್ಟೆ. ಮನೆಯಲ್ಲಿ ಬರೆದು ತರಬೇಕಾದ ಪ್ರಬಂಧವನ್ನು ಯಂತ್ರದಿಂದ ಬರೆಯಿಸಿ ತಂದ ಹುಡುಗನ ಮೇಲೆ ಸಿಟ್ಟಾಗುವ ಅಧ್ಯಾಪಕರು, ಆ ಪ್ರಬಂಧದ ವಿಷಯವು ಹತ್ತು ವರುಷಗಳಿಂದ ಬದಲಾಗಿಲ್ಲವೆಂಬುದನ್ನೂ ನೆನೆಯಬೇಕು. ಪ್ರಶ್ನೆಯನ್ನು ಯಂತ್ರದಿಂದ ತೆಗೆಯಿಸಿ, ಉತ್ತರವನ್ನು ಯಂತ್ರದಿಂದ ಬರೆಯಿಸಿ, ತಿದ್ದುವ ಕೆಲಸವನ್ನೂ ಯಂತ್ರಕ್ಕೇ ಒಪ್ಪಿಸುವ ದಿನ ದೂರವಿಲ್ಲ. ಆಗ ಯಂತ್ರ ಯಂತ್ರಗಳು ತಮ್ಮತಮ್ಮೊಳಗೆ ಮಾತಾಡಿಕೊಂಡಿರುವುವು, ಗುರುಶಿಷ್ಯರಿಬ್ಬರೂ ಕ್ಯಾಂಟೀನಿನಲ್ಲಿ ಚಹ ಕುಡಿಯಬಹುದು.

ಯಂತ್ರವು ತಪ್ಪು ಹೇಳುತ್ತದೆಯೆಂಬುದು ಅದರ ಮೇಲೆ ಹೊರಿಸುವ ದೊಡ್ಡ ಆಪಾದನೆ. ತಪ್ಪು ಹೇಳುವುದು ನಿಜ. ಆದರೆ ಅಚ್ಚಿನ ಪುಸ್ತಕವೂ ಹೇಳಿದೆ. ಅದಕ್ಕೆ ಗೇರುಸೊಪ್ಪವೇ ಸಾಕ್ಷಿ. ಶರಾವತಿಯು 830 ಅಡಿ ಧುಮುಕುವ ಜೋಗದ ತಡಸಲನ್ನು ಇಂಗ್ಲಿಷ್ ಪುಸ್ತಕಗಳು ಬಹುಕಾಲ ‘ಗೇರುಸೊಪ್ಪದ ಜಲಪಾತ’ವೆಂದು ಕರೆದುವು. ತಡಸಲಿರುವುದು ಘಟ್ಟದ ಮೇಲೆ. ಗೇರುಸೊಪ್ಪವಿರುವುದು ಘಟ್ಟದ ಕೆಳಗೆ, ಮೈಲಿಗಟ್ಟಲೆ ಆಚೆ. ಆ ಪುಸ್ತಕವನ್ನು ಓದಿದ ಪರವೂರಿನ ವಿದ್ಯಾರ್ಥಿಯು ಗೇರುಸೊಪ್ಪಕ್ಕೆ ಬಂದಿಳಿದು ‘ಜಲಪಾತವೆಲ್ಲಿ?’ ಎಂದು ಕೇಳಿದ್ದರೆ, ಅಕ್ಷರವರಿಯದ ದೋಣಿಯವನು ನಕ್ಕಿರಬೇಕು. ಹೀಗಿರುವುದರಿಂದ ತಪ್ಪೆಂಬುದು ಹೊಸ ಸಂಗತಿಯಲ್ಲ. ಹೊಸತು ಯಾವುದೆಂದರೆ ಯಂತ್ರದ ದನಿ. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿಯ ಬಳಿ ಇರುವ ಮಿರ್ಜಾನ ಕೋಟೆಯನ್ನು ಕಟ್ಟಿಸಿದವರು ಯಾರೆಂಬ ವಿಷಯದಲ್ಲಿ ಒಂದಕ್ಕಿಂತ ಹೆಚ್ಚು ಹೇಳಿಕೆಗಳಿವೆ. ಗೇರುಸೊಪ್ಪದ ರಾಣಿಯೆನ್ನುವವರುಂಟು, ಮುಸಲ್ಮಾನ ಸರದಾರನೆನ್ನುವವರುಂಟು. ಬಲ್ಲ ಇತಿಹಾಸಕಾರನು ಇಲ್ಲಿ ದನಿಯನ್ನು ತಗ್ಗಿಸಿ, ‘ಹೀಗೆ ಹೇಳುವರು, ಹಾಗೂ ಹೇಳುವರು’ ಎಂದು ತಡವರಿಸುತ್ತಾನೆ. ಯಂತ್ರವು ನಿಶ್ಚಯವಾದುದನ್ನೂ ಅನಿಶ್ಚಿತವಾದುದನ್ನೂ ಬಹುಮಟ್ಟಿಗೆ ಒಂದೇ ನಯದ ದನಿಯಲ್ಲಿ ಹೇಳಿಬಿಡುತ್ತದೆ. ತಡವರಿಕೆಯೂ ಒಂದು ಜ್ಞಾನವೆಂಬುದನ್ನು ಮಕ್ಕಳು ಯಾರಿಂದ ಕಲಿಯಬೇಕು?

ಪ್ರಶ್ನೋಪನಿಷತ್ತಿನ ಮೊದಲಲ್ಲಿ ಬರುವ ಸಂಗತಿಯು ಇಲ್ಲಿ ನೆನಪಾಗತಕ್ಕುದು. ಆರು ಮಂದಿ ಜಿಜ್ಞಾಸುಗಳು ಕೈಯಲ್ಲಿ ಸಮಿತ್ತನ್ನು ಹಿಡಿದು ಪಿಪ್ಪಲಾದ ಋಷಿಯ ಬಳಿಗೆ ಹೋದರು. ಆತನು ಕೂಡಲೇ ಉತ್ತರ ಹೇಳಲಿಲ್ಲ. ಇನ್ನೂ ಒಂದು ವರುಷ ತಪಸ್ಸು, ಬ್ರಹ್ಮಚರ್ಯ, ಶ್ರದ್ಧೆಗಳಿಂದ ಇಲ್ಲಿಯೇ ಇರಿ, ಬಳಿಕ ಬೇಕಾದುದನ್ನು ಕೇಳಿ, ತಿಳಿದಿದ್ದರೆ ಹೇಳೋಣ ಎಂದನು. ಇದರಲ್ಲಿ ಎರಡು ವಿಷಯಗಳಿವೆ. ಪ್ರಶ್ನೆಯು ಹಣ್ಣಾಗಲು ಕಾಲ ಬೇಕೆಂಬುದು ಒಂದು. ಗುರುವಿಗೂ ತಿಳಿಯದೆ ಇರಬಹುದೆಂಬ ಒಪ್ಪಿಗೆ ಇನ್ನೊಂದು. ಎರಡನೆಯದನ್ನು ವ್ಯಾಖ್ಯಾನಕಾರರು ಋಷಿಯ ವಿನಯವೆಂದು ಹೇಳಿ ಮುಂದೆ ಹೋಗುತ್ತಾರೆ. ಆದರೆ ಅದು ವಿನಯಕ್ಕಿಂತ ಹೆಚ್ಚಿನದು. ‘ತಿಳಿದಿದ್ದರೆ’ ಎಂದು ಮೊದಲೇ ನುಡಿದವನು, ಆಮೇಲೆ ಹೇಳಿದ ಪ್ರತಿಯೊಂದು ಮಾತಿಗೂ ಹೊಣೆಯಾಗಲು ಒಪ್ಪಿಕೊಂಡನು.

ಯಂತ್ರದ ಭಯವೂ ಹೊಸದಲ್ಲ. ಗ್ರೀಸ್ ದೇಶದ ಪ್ಲೇಟೋ ತನ್ನ ‘ಫೀಡ್ರಸ್’ ಸಂವಾದದಲ್ಲಿ ಸಾಕ್ರೆಟೀಸನ ಬಾಯಿಂದ ಈಜಿಪ್ಟಿನ ಒಂದು ಕಥೆಯನ್ನು ಹೇಳಿಸುತ್ತಾನೆ. ಬರವಣಿಗೆಯನ್ನು ಕಂಡುಹಿಡಿದ ದೇವತೆಯು ಅದನ್ನು ಅರಸನಿಗೆ ಅರ್ಪಿಸಿದಾಗ, ಇದರಿಂದ ಜನರ ನೆನಪು ಬೆಳೆಯದೆ ಕುಗ್ಗುವುದೆಂದೂ, ಅರಿವಿಲ್ಲದೆ ಅರಿತವರಂತೆ ಕಾಣುವ ಜನ ಹೆಚ್ಚುವರೆಂದೂ ಅರಸನು ಆಕ್ಷೇಪಿಸಿದನಂತೆ. ಬರೆದ ಮಾತನ್ನು ಏನು ಕೇಳಿದರೂ ಅದು ಹೇಳಿದ್ದನ್ನೇ ಹೇಳುತ್ತದೆಂಬುದು ಸಾಕ್ರೆಟೀಸನ ದೂರು. ಈ ಕಥೆ ಇಂದಿಗೆ ಉಳಿದುಬಂದುದು ಪ್ಲೇಟೋ ಅದನ್ನು ಬರೆದಿಟ್ಟುದರಿಂದಲೇ ಎಂಬುದನ್ನು ಎತ್ತಿ ತೋರಿಸಿ ನಗುವುದು ಸುಲಭ. ಆದರೆ ಅರಸನು ಹೇಳಿದ್ದು ಪೂರ್ತಿ ಸುಳ್ಳಾಗಲಿಲ್ಲ. ನೆನಪು ನಿಜವಾಗಿ ಕುಗ್ಗಿತು. ಅಂಕೋಲಾ ತಾಲ್ಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡರು 2017ರಲ್ಲಿ ಪದ್ಮಶ್ರೀ ಪಡೆದು 2025ರಲ್ಲಿ ತೀರಿಕೊಂಡರು. ಹಾಲಕ್ಕಿ ಒಕ್ಕಲಿಗರ ಹಾಡುಗಳ ದೊಡ್ಡ ರಾಶಿಯನ್ನೇ ಅವರು ಬರೆಹದ ನೆರವಿಲ್ಲದೆ ಕಂಠದಲ್ಲಿ ಇಟ್ಟುಕೊಂಡಿದ್ದರು. ಪದವೀಧರರಲ್ಲಿ ಅಂಥವರನ್ನು ಹುಡುಕಿದರೆ ಸಿಕ್ಕುವುದು ಕಷ್ಟ.

ಹೊಸ ಸಾಧನ ಬಂದಾಗ ಗುರುವಿನ ಕೆಲಸವು ಹೋಗುವುದಿಲ್ಲ, ಸ್ಥಳ ಬದಲಿಸುತ್ತದೆ ಎಂಬುದಕ್ಕೆ ಈ ಜಿಲ್ಲೆಯದೇ ಒಂದು ನಿದರ್ಶನವಿದೆ. ಚೆನ್ನಭೈರಾದೇವಿಯ ಆಳ್ವಿಕೆಯ ಕೊನೆಯ ದಿನಗಳಲ್ಲಿ, 1604ರಲ್ಲಿ, ಘಟ್ಟದ ಮೇಲಿನ ಸೋದೆಯ ಜೈನಮಠದ ಪರಂಪರೆಗೆ ಸೇರಿದ ಭಟ್ಟಾಕಳಂಕನು ಕನ್ನಡದ ವ್ಯಾಕರಣವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಬರೆದನು. ಅದೇ ‘ಕರ್ಣಾಟಕ ಶಬ್ದಾನುಶಾಸನ’. ಸೂತ್ರವೆಂಬುದು ನೆನಪಿಗಾಗಿ ಮಾಡಿದ ಸಾಧನ; ಶಿಷ್ಯನು ಅದನ್ನು ಬಾಯಿಯಲ್ಲಿಟ್ಟುಕೊಳ್ಳಬೇಕು, ಗುರುವು ಬಿಡಿಸಬೇಕು. ಆದರೆ ಭಟ್ಟಾಕಳಂಕನು ಅಷ್ಟಕ್ಕೆ ನಿಲ್ಲದೆ ತನ್ನ ಸೂತ್ರಗಳಿಗೆ ತಾನೇ ವೃತ್ತಿಯನ್ನೂ, ವೃತ್ತಿಗೆ ವ್ಯಾಖ್ಯಾನವನ್ನೂ ಬರೆದನು. ಗುರುವು ಬಾಯಲ್ಲಿ ಹೇಳಬೇಕಾಗಿದ್ದುದೆಲ್ಲ ಓಲೆಯ ಮೇಲೆ ಇಳಿಯಿತು. ಇನ್ನು ಗುರುವೇಕೆ ಎಂದು ಯಾರಾದರೂ ಕೇಳಬಹುದಾಗಿತ್ತು. 1890ರಲ್ಲಿ ಬಿ. ಎಲ್. ರೈಸರು ಅದನ್ನು ಅಚ್ಚು ಹಾಕಿಸಿದಾಗ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಬಹುದಾಗಿತ್ತು. ಹೀಗಿದ್ದರೂ ಆ ಗ್ರಂಥವನ್ನು ಗುರುವಿಲ್ಲದೆ ಓದಿ ಅರಗಿಸಿಕೊಂಡವರೆಷ್ಟು ಮಂದಿ? ಪುಸ್ತಕದಲ್ಲಿ ವಿವರಣೆ ಇದೆ. ಓದುವವನು ಎಲ್ಲಿ ಎಡವಿದನೆಂಬುದು ಪುಸ್ತಕಕ್ಕೆ ಗೊತ್ತಿಲ್ಲ.

ಸಂವಾದಯಂತ್ರದ ಪಕ್ಷಪಾತಿಗಳು ಇಲ್ಲಿ ಒಂದು ಮಾತನ್ನು ಎತ್ತುವರು. ಪುಸ್ತಕದಂತೆ ಇದು ಹೇಳಿದ್ದನ್ನೇ ಹೇಳುವುದಿಲ್ಲ. ಎಡವಿದ್ದನ್ನು ತೋರಿಸಿದರೆ ಬೇರೊಂದು ಬಗೆಯಾಗಿ ವಿವರಿಸುತ್ತದೆ. ಬೇಸರಿಸುವುದಿಲ್ಲ, ಗದರುವುದಿಲ್ಲ, ಜಾತಿ ಕೇಳುವುದಿಲ್ಲ. ಈ ಮಾತಿನಲ್ಲಿ ತಿರುಳಿದೆ. ತರಗತಿಯಲ್ಲಿ ಕೈಯೆತ್ತಲು ಹೆದರುವ ಹುಡುಗಿಯು ರಾತ್ರಿ ಹತ್ತು ಗಂಟೆಗೆ ಯಂತ್ರವನ್ನು ಹತ್ತು ಬಾರಿ ಕೇಳಬಲ್ಲಳು. ಇದು ಅವಳಿಗೆ ಆದ ಲಾಭವೇ ಸರಿ. ಆದರೆ ಇಲ್ಲಿ ಕೇಳುವವಳು ಯಾವಾಗಲೂ ಅವಳೇ. ಅವಳು ಅಪ್ಪಣೆ ಕೊಡದಿದ್ದರೆ ಯಂತ್ರವು ಅವಳನ್ನು ಕೇಳುವುದಿಲ್ಲ. ಅವಳ ಉತ್ತರವು ಕೆಟ್ಟದಾಗಿದ್ದರೆ ಅದಕ್ಕೆ ನೋವೂ ಇಲ್ಲ, ಚೆನ್ನಾಗಿದ್ದರೆ ಸಂತೋಷವೂ ಇಲ್ಲ. ತನಗೆ ಬೇಡವಾದ ಪ್ರಶ್ನೆಯನ್ನು ಇನ್ನೊಬ್ಬ ಮನುಷ್ಯನ ಎದುರಿಗೆ ಕುಳಿತು ಎದುರಿಸುವ ಪ್ರಸಂಗವು ಅವಳಿಗೆ ಬಾರದೆಯೇ ಮೂರು ವರುಷಗಳು ಕಳೆಯಬಹುದು.

ಉತ್ತರ ಕನ್ನಡದವರಿಗೆ ಇದನ್ನು ತಿಳಿಯಲು ಗ್ರೀಸಿಗೆ ಹೋಗಬೇಕಾಗಿಲ್ಲ, ತಾಳಮದ್ದಳೆಯಿದೆ. ಹೊನ್ನಾವರ ತಾಲ್ಲೂಕು ಯಕ್ಷಗಾನದ ತವರು. ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳವನ್ನು 1934ರಲ್ಲಿ ಕಟ್ಟಿದ್ದು ಇಲ್ಲಿಯೇ. ಆಟದಲ್ಲಿ ವೇಷವಿದೆ, ಕುಣಿತವಿದೆ. ತಾಳಮದ್ದಳೆಯಲ್ಲಿ ಅವು ಯಾವುವೂ ಇಲ್ಲ. ಭಾಗವತರು ಪದ ಹಾಡುವರು. ಅರ್ಥಧಾರಿಗಳು ಜಮಖಾನೆಯ ಮೇಲೆ ಎದುರುಬದುರಾಗಿ ಕುಳಿತು ಆ ಪದದ ಅರ್ಥವನ್ನು ಬೆಳೆಯಿಸಿ ವಾದಿಸುವರು. ಬರೆದುಕೊಂಡ ಚೀಟಿ ಅಲ್ಲಿ ಕೆಲಸಕ್ಕೆ ಬಾರದು. ವಾಲಿವಧೆಯ ಪ್ರಸಂಗವನ್ನೇ ತೆಗೆದುಕೊಳ್ಳಬಹುದು. ಮರೆಯಲ್ಲಿ ನಿಂತು ಬಾಣ ಬಿಟ್ಟುದೇಕೆಂದು ವಾಲಿಯು ರಾಮನನ್ನು ಕೇಳುತ್ತಾನೆ. ರಾಮನ ಅರ್ಥ ಹೇಳುವವನಿಗೆ ವಾಲ್ಮೀಕಿಯು ಕೊಟ್ಟ ಉತ್ತರ ಗೊತ್ತು; ಸಭೆಯಲ್ಲಿ ಕುಳಿತ ಮುದುಕನಿಗೂ ಗೊತ್ತು. ಆದರೆ ಎದುರಿಗೆ ಕುಳಿತ ವಾಲಿಯು ಈ ರಾತ್ರಿ ಯಾವ ಹೊಸ ಕೊಂಡಿಯನ್ನು ಹಾಕುವನೆಂಬುದು ಯಾರಿಗೂ ಗೊತ್ತಿಲ್ಲ. ಗೊತ್ತಿದ್ದ ಉತ್ತರವನ್ನು ಹಿಡಿದುಕೊಂಡು ಗೊತ್ತಿಲ್ಲದ ಪ್ರಶ್ನೆಯ ಎದುರಿಗೆ ನಿಲ್ಲಬೇಕು. ಮುಂದಿನ ವಾರ ಇನ್ನೊಂದು ಊರಿನಲ್ಲಿ ಅದೇ ಅರ್ಥಧಾರಿಯು ವಾಲಿಯಾಗಿ ಕುಳಿತು, ತಾನೇ ಕಟ್ಟಿದ ವಾದವನ್ನು ತಾನೇ ಕೆಡವಬೇಕಾಗಬಹುದು.

ಇದರಿಂದ ಎರಡು ತಪ್ಪು ತಿಳುವಳಿಕೆಗಳು ಕಳೆಯುತ್ತವೆ. ‘ಎಲ್ಲವೂ ಫೋನಿನಲ್ಲಿರುವಾಗ ಬಾಯಿಪಾಠವೇಕೆ?’ ಎಂದು ಈಗಿನವರು ಕೇಳುತ್ತಾರೆ. ಪುರಾಣವು ನಾಲಗೆಯ ತುದಿಯಲ್ಲಿ ಇಲ್ಲದ ಅರ್ಥಧಾರಿಯು ಎದುರಾಳಿಯ ಎರಡನೆಯ ಮಾತಿಗೇ ಮೂಕನಾಗುವನು. ಸಂಗ್ರಹವಿಲ್ಲದ ಬುದ್ಧಿಗೆ ಚುರುಕಾಗುವ ಅವಕಾಶವೇ ಇಲ್ಲ. ಆದುದರಿಂದ ಕೆಲವನ್ನು ಕಂಠದಲ್ಲಿಡಲೇಬೇಕು. ‘ಬಾಯಿಪಾಠವೇ ವಿದ್ಯೆ’ ಎನ್ನುವುದು ಹಿಂದಿನವರ ತಪ್ಪು. ಕಂಠದಲ್ಲಿರುವುದನ್ನು ಒದರಿ ಕುಳಿತ ಅರ್ಥಧಾರಿಗೆ ಸಭೆಯು ಮರುವರ್ಷ ವೀಳ್ಯ ಕೊಡುವುದಿಲ್ಲ. ಮತ್ತೊಂದು ಸಣ್ಣ ವಿಷಯ. ದೊಂದಿ ಹೋಗಿ ಗ್ಯಾಸ್ ದೀಪ ಬಂತು, ಅದು ಹೋಗಿ ವಿದ್ಯುದ್ದೀಪ ಬಂತು, ಧ್ವನಿವರ್ಧಕ ಬಂತು. ಮೈಕು ಬಂದಾಗ ಹಳಬರು ಹಣೆ ಗಂಟಿಕ್ಕಿದ್ದಿರಬೇಕು. ಆದರೆ ಸಾವಿರ ಜನಕ್ಕೆ ಕೇಳುವಂತೆ ಕೂಗಬೇಕಾದ ಹಂಗು ತಪ್ಪಿದ್ದರಿಂದ, ಪಿಸುಮಾತೂ ವ್ಯಂಗ್ಯವೂ ಅರ್ಥಗಾರಿಕೆಗೆ ಒದಗಿದುವು. ಯಂತ್ರವು ಕೂಗುವ ಕೆಲಸವನ್ನು ತಾನು ವಹಿಸಿಕೊಂಡು ಮನುಷ್ಯನಿಗೆ ಮಾತಾಡುವ ಕೆಲಸವನ್ನು ಬಿಟ್ಟುಕೊಟ್ಟಿತು.

ಕಾಲೇಜಿನಲ್ಲಿಯೂ ಆಗಬೇಕಾದುದು ಇದೇ. ಬರೆಯಿಸುವ ಕೆಲಸವನ್ನು ಯಂತ್ರಕ್ಕೆ ಬಿಟ್ಟುಬಿಡಲಿ. ಪಾಠದ ಸಾರವನ್ನು ಅಧ್ಯಾಪಕರು ಒಮ್ಮೆ ಧ್ವನಿಮುದ್ರಿಸಿ ಕೊಟ್ಟರೆ ಮಕ್ಕಳು ಬಸ್ಸಿನಲ್ಲಿ ಕುಳಿತು ಕೇಳಿಕೊಳ್ಳುವರು. ಘಟ್ಟದ ತಿರುವಿನಲ್ಲಿ ಸಂಪರ್ಕ ತಪ್ಪಿದರೂ ಮೊದಲೇ ಇಳಿಸಿಟ್ಟುಕೊಂಡ ಪಾಠವು ತಪ್ಪದು. ತರಗತಿಯ ತಾಸು ಹೀಗೆ ಬಿಡುವಾಗುತ್ತದೆ. ಆ ತಾಸಿನಲ್ಲಿ ಗುರುವು ಕೇಳಲಿ, ಶಿಷ್ಯನು ಹೇಳಲಿ, ಮತ್ತೆ ಗುರುವು ‘ಏಕೆ?’ ಎನ್ನಲಿ. ಪ್ರಬಂಧವನ್ನು ಯಂತ್ರದ ಸಹಾಯದಿಂದಲೇ ಬರೆದು ತಂದರೂ ಅಡ್ಡಿಯಿಲ್ಲ. ಬರೆದವನು ಅದರ ಪ್ರತಿಯೊಂದು ವಾಕ್ಯಕ್ಕೂ ಎದುರಿಗೆ ನಿಂತು ಜವಾಬು ಕೊಡಬೇಕೆಂಬ ಕಟ್ಟು ಇದ್ದರೆ ಸಾಕು. ತನ್ನದಲ್ಲದ ವಾಕ್ಯವು ಎರಡನೆಯ ಪ್ರಶ್ನೆಗೆ ಉದುರಿಬೀಳುತ್ತದೆ. ಅದು ಉದುರಿದಾಗ ಕಳ್ಳನನ್ನು ಹಿಡಿದಂತೆ ಹಿಗ್ಗುವುದು ಗುರುವಿನ ಲಕ್ಷಣವಲ್ಲ. ‘ಇದನ್ನು ಬಿಟ್ಟು ನಿನಗೆ ತೋರಿದ್ದನ್ನು ಹೇಳು’ ಎನ್ನುವುದಕ್ಕೆ ಅದೇ ಸಮಯ.

ಇದಕ್ಕೆ ಆಕ್ಷೇಪಗಳುಂಟು. ಒಂದು ತರಗತಿಯಲ್ಲಿ ಅರುವತ್ತು ಮಂದಿ, ಯಾರನ್ನು ಯಾವಾಗ ಕೇಳುವುದು ಎಂಬುದು ಒಂದು. ಲೆಕ್ಕ ಹಾಕಿದರೆ ಇದು ತೋರುವಷ್ಟು ದೊಡ್ಡದಲ್ಲ. ವಾರಕ್ಕೆ ನಾಲ್ಕು ತಾಸಿನಂತೆ ಹದಿನಾರು ವಾರಕ್ಕೆ 64 ತಾಸುಗಳು. ಒಬ್ಬೊಬ್ಬರಿಗೆ ಹತ್ತು ನಿಮಿಷ ಕೊಟ್ಟರೆ ಅರುವತ್ತು ಮಂದಿಗೆ ಹತ್ತು ತಾಸು. ಬರೆಯಿಸುವುದನ್ನು ಬಿಟ್ಟರೆ ಹತ್ತಲ್ಲ, ಇಪ್ಪತ್ತು ತಾಸು ಸಿಕ್ಕುತ್ತದೆ. ಪಠ್ಯಕ್ರಮವು ಅಡ್ಡ ಬರುತ್ತದೆ ಎನ್ನುವುದು ಇನ್ನೊಂದು. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂದಿತು, 2024ರಲ್ಲಿ ಮರಳಿ ಮೂರು ವರ್ಷದ್ದಾಯಿತು. ಆಜ್ಞೆಗಳು ಬರುತ್ತವೆ, ಹೋಗುತ್ತವೆ. ಬಾಗಿಲು ಹಾಕಿಕೊಂಡ ಮೇಲೆ ತರಗತಿಯೊಳಗಿನ ಮಾತು ಅಧ್ಯಾಪಕರದೇ.

ಮೂರನೆಯ ಆಕ್ಷೇಪವು ಹೀಗೆ ತಳ್ಳಿಹಾಕತಕ್ಕುದಲ್ಲ. ಮೌಖಿಕ ಕ್ರಮವು ಬಾಯಿಯಿದ್ದವರಿಗೆ ಅನುಕೂಲ. ಭಟ್ಕಳದ ಹುಡುಗನು ಮನೆಯಲ್ಲಿ ನವಾಯತಿ ಆಡುತ್ತಾನೆ, ಕುಮಟೆಯವನು ಕೊಂಕಣಿ, ಗದ್ದೆಯ ಕೇರಿಯಿಂದ ಬಂದವಳು ಹಾಲಕ್ಕಿ ಕನ್ನಡ, ಘಟ್ಟದಿಂದ ಬಂದವನು ಹವಿಗನ್ನಡ. ಪುಸ್ತಕದ ಕನ್ನಡದಲ್ಲಿ, ಅದಕ್ಕಿಂತಲೂ ಹೆಚ್ಚಾಗಿ ಇಂಗ್ಲಿಷಿನಲ್ಲಿ, ಎಲ್ಲರೆದುರಿಗೆ ಮಾತಾಡೆಂದರೆ ಇವರು ಕುಗ್ಗುತ್ತಾರೆ. ವಿದ್ಯಾವಂತರ ಮನೆಯ ಮಾತುಗಾರ ಮಗನು ಏನೂ ತಿಳಿಯದೆಯೂ ಹತ್ತು ನಿಮಿಷ ಹೊಳೆಯುವನು. ತಾಳಮದ್ದಳೆಯಲ್ಲಿಯೂ ಈ ದೋಷವುಂಟು. ಬರಿಯ ಮಾತಿನ ಚಮತ್ಕಾರಕ್ಕೆ ಚಪ್ಪಾಳೆ ಬಿದ್ದುದನ್ನು ಎಲ್ಲರೂ ಕೇಳಿದ್ದಾರೆ. ಈ ಅನ್ಯಾಯಕ್ಕೆ ಪೂರ್ಣ ಪರಿಹಾರವಿಲ್ಲ. ಎಲ್ಲರೆದುರಿಗೆ ಅಲ್ಲದೆ ಒಬ್ಬೊಬ್ಬರನ್ನೇ, ಅಥವಾ ಇಬ್ಬಿಬ್ಬರನ್ನು ಕುಳ್ಳಿರಿಸಿ ಕೇಳುವುದು, ಪ್ರಶ್ನೆಯನ್ನು ಹಿಂದಿನ ದಿನವೇ ತಿಳಿಸುವುದು, ಯಾವ ಕನ್ನಡದಲ್ಲಾದರೂ ಹೇಳಗೊಡುವುದು, ಮೌನಕ್ಕೆ ಕಾಯುವುದು, ಇವುಗಳಿಂದ ಅದು ಕಡಿಮೆಯಾದೀತು. ಇಷ್ಟು ಮಾಡಲು ಅಧ್ಯಾಪಕರಲ್ಲಿ ತಾಳ್ಮೆ ಬೇಕು. ಆ ಪದಾರ್ಥವನ್ನು ಯಾವ ಕಂಪನಿಯೂ ತಯಾರಿಸುವುದಿಲ್ಲ. ನಾಚಿಕೆಯುಳ್ಳವರನ್ನು ಕೇಳದೆ ಬಿಡುವುದು ಮಾತ್ರ ದಯೆಯಲ್ಲ. 2020ರ ಮಾರ್ಚಿನಲ್ಲಿ ಕೊರೋನಾದಿಂದ ಕಾಲೇಜುಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ಸಂಪರ್ಕಕ್ಕಾಗಿ ಗುಡ್ಡದ ನೆತ್ತಿಗೆ ಹತ್ತಿ, ಕೊಡೆ ಹಿಡಿದು, ಪಾಠ ಕೇಳಿದರು. ಪಾಠವು ಅವರನ್ನು ಮುಟ್ಟಿತು. ಅವರು ಕೇಳುತ್ತಿದ್ದಾರೆಯೆ, ಅಲ್ಲಿ ಇದ್ದಾರೆಯೆ ಎಂಬುದೇ ಅನೇಕ ವೇಳೆ ಹೇಳುವವರಿಗೆ ತಿಳಿಯುತ್ತಿರಲಿಲ್ಲ.

ಇನ್ನು, ಯಾವುದನ್ನು ಕೇಳುವುದು? ಗೇರುಸೊಪ್ಪದ ಮಕ್ಕಳ ಪಾಲಿಗೆ ಪ್ರಶ್ನೆಯು ಮನೆಯ ಬಾಗಿಲಲ್ಲಿಯೇ ಬಿದ್ದಿದೆ. ಮೇಲಿನ ತಲಕಳಲೆಯ ಜಲಾಶಯಕ್ಕೂ ಕೆಳಗಿನ ಗೇರುಸೊಪ್ಪದ ಜಲಾಶಯಕ್ಕೂ ನಡುವೆ ಬೆಟ್ಟದೊಳಗೆ ಸುರಂಗ ಕೊರೆದು, ವಿದ್ಯುತ್ತು ಹೆಚ್ಚಿರುವಾಗ ನೀರನ್ನು ಮೇಲಕ್ಕೆತ್ತಿ, ಬೇಕಾದಾಗ ಕೆಳಗೆ ಬಿಟ್ಟು 2000 ಮೆಗಾವ್ಯಾಟನ್ನು ಪಡೆಯುವ ಯೋಜನೆಯನ್ನು ಸರಕಾರ ಹಾಕಿಕೊಂಡಿದೆ. ಅದರ ಪ್ರದೇಶವು ಸಿಂಗಳೀಕಗಳ ಅಭಯಾರಣ್ಯದಲ್ಲಿದೆ. ವಿರೋಧವೂ ಬಲವಾಗಿ ಎದ್ದಿದೆ. ಸೂರ್ಯನಿಂದಲೂ ಗಾಳಿಯಿಂದಲೂ ಬರುವ ವಿದ್ಯುತ್ತನ್ನು ಹಿಡಿದಿಡಲು ಇಂಥದೊಂದು ಉಪಾಯ ಬೇಕೆನ್ನುವವರ ವಾದವೂ ಪೊಳ್ಳಲ್ಲ. ಯಂತ್ರವನ್ನು ಕೇಳಿದರೆ ಎರಡು ಪಕ್ಷಗಳ ಅಂಶಗಳನ್ನೂ ಅರೆಗಳಿಗೆಯಲ್ಲಿ ಸಾಲಾಗಿ ಜೋಡಿಸಿ, ಸಮತೋಲನ ಬೇಕೆಂದು ಹೇಳಿ ಮುಗಿಸುತ್ತದೆ. ಅದಕ್ಕೆ ಕಾಡೂ ಇಲ್ಲ, ದೀಪವೂ ಬೇಡ. ಅದೇ ಪ್ರಶ್ನೆಯನ್ನು ತರಗತಿಯಲ್ಲಿ ಇಬ್ಬರ ನಡುವೆ ಇಟ್ಟು, ಒಬ್ಬಳು ಯೋಜನೆಯ ಪಕ್ಷವನ್ನೂ ಒಬ್ಬನು ಕಾಡಿನ ಪಕ್ಷವನ್ನೂ ಹಿಡಿಯುವಂತೆ ಮಾಡಿ, ಮುಂದಿನ ವಾರ ಪಕ್ಷಗಳನ್ನು ಅದಲುಬದಲು ಮಾಡಿದರೆ, ಯಂತ್ರವು ಕೊಟ್ಟ ಅದೇ ಅಂಶಗಳು ಬೇರೆ ತೂಕವನ್ನು ಪಡೆಯುತ್ತವೆ. ಒಬ್ಬಳ ಅಪ್ಪನು ವಿದ್ಯುದಾಗಾರದಲ್ಲಿ ಕೆಲಸಕ್ಕಿರಬಹುದು. ಒಬ್ಬನ ಅಜ್ಜನು ಲಿಂಗನಮಕ್ಕಿಯಲ್ಲಿ ನೆಲ ಮುಳುಗಿ ಕೆಳಗಿಳಿದು ಬಂದವನಿರಬಹುದು. ಇಬ್ಬರೂ ಸಂಜೆ ಒಂದೇ ಬಸ್ಸಿನಲ್ಲಿ ಮನೆಗೆ ಹೋಗಬೇಕು. ಹೇಳಿದ ಮಾತಿಗೆ ಹೊಣೆಯಾಗುವುದೆಂದರೆ ಏನೆಂಬುದು ಆ ಬಸ್ಸಿನಲ್ಲಿ ತಿಳಿಯುತ್ತದೆ.

ಇತಿಹಾಸದ ತರಗತಿಗೆ ಬಸದಿಯ ಕಲ್ಲುಗಳಿವೆ. ಫೋನು ಅಲ್ಲಿ ಒಳ್ಳೆಯ ಸೇವಕ; ಸವೆದ ಶಾಸನದ ಮೇಲೆ ಓರೆಯಾಗಿ ಬೆಳಕು ಬೀಳುವ ಹೊತ್ತಿನಲ್ಲಿ ಚಿತ್ರ ತೆಗೆದು ಹಿಗ್ಗಿಸಿದರೆ ಬರಿಗಣ್ಣಿಗೆ ಕಾಣದ ಗೆರೆ ಕಾಣುತ್ತದೆ. ಆ ಗೆರೆಯು ಒತ್ತಕ್ಷರವೋ ಕಲ್ಲಿನ ಬಿರುಕೋ ಎಂಬುದನ್ನು ನಾಲ್ವರು ಕುಳಿತು ವಾದಿಸಬೇಕು, ಬೇಕಾದರೆ ಮತ್ತೆ ಹೋಗಿ ಬೆರಳಿಂದ ಮುಟ್ಟಿ ನೋಡಬೇಕು. ಇದಕ್ಕೆ ವಿಶ್ವವಿದ್ಯಾಲಯದ ಅಪ್ಪಣೆಗಾಗಿ ಕಾಯಬೇಕಾದ ಕಾರಣವಿಲ್ಲ. ಆಂತರಿಕ ಮೌಲ್ಯಮಾಪನವೆಂದು ಕೆಲವು ಅಂಕಗಳು ಈಗಲೂ ಅಧ್ಯಾಪಕರ ಕೈಯಲ್ಲಿಯೇ ಇವೆ; ಹಾಜರಿಗೂ ನಕಲು ಮಾಡಿದ ಪ್ರಬಂಧಕ್ಕೂ ಅವು ಹಂಚಿಹೋಗುತ್ತಿವೆ. ಅವುಗಳಲ್ಲಿ ಅರ್ಧವನ್ನು ಹತ್ತು ನಿಮಿಷದ ಆ ಮಾತಿಗೆ ಇಟ್ಟು, ಬರುವ ಸೆಮಿಸ್ಟರಿನಲ್ಲಿಯೇ ಒಬ್ಬ ಅಧ್ಯಾಪಕರು ಒಂದು ತರಗತಿಯಲ್ಲಿ ಆರಂಭಿಸಬಹುದು. ಮೊದಲ ದಿನ ಮಕ್ಕಳು ಮಾತಾಡಲಾರರು. ಎರಡನೆಯ ವಾರ ಯಾರಾದರೂ ಒಬ್ಬರು ‘ಗೊತ್ತಿಲ್ಲ, ಆದರೆ ಹೀಗಿರಬಹುದೇನೋ’ ಎನ್ನುವರು. ಅಲ್ಲಿಂದ ಮುಂದೆ ‘ಏಕೆ?’ ಎಂದು ಕೇಳಬಹುದು.